ಮಾಲ್ವೋಲಿಯೊ ಕೊರಳ ಸರ ಮುಟ್ಟಿಕೊಂಡ ಗಳಿಗೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ಗೆ ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಇದೆ. ತರಗತಿಯಲ್ಲಿ 48 ಮಕ್ಕಳು, ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಓದಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಎಂದು 1996ರ ಸಿನಿಮಾವನ್ನು ಮೂರು ಪಿರಿಯಡ್‌ನಲ್ಲಿ ಪೂರ್ತಿ ತೋರಿಸಿದೆ. ಮೊದಲ ದಿನ ಖುಷಿಯಿಂದ ನೋಡಿದರು. ಎರಡನೇ ದಿನಕ್ಕೆ ಮೊಬೈಲ್ ಕೈಗೆ ಬಂತು. ನನಗೆ ನಗು ತಡೆಯಲಾಗದ ಆ ಪತ್ರದ ದೃಶ್ಯಕ್ಕೆ ಒಬ್ಬರೂ ನಗಲಿಲ್ಲ. ಇಂಟರ್ನಲ್ಸ್‌ನಲ್ಲಿ ಅರ್ಧ ಜನ ವಯೋಲಾ ಕೂದಲು ಕತ್ತರಿಸಿಕೊಂಡು ಮೀಸೆ ಅಂಟಿಸಿಕೊಂಡಳು ಎಂದು ಬರೆದಿದ್ದಾರೆ. ನಾಟಕದಲ್ಲಿ ಅದು ಇಲ್ಲವೇ ಇಲ್ಲ. ವಿಡಿಯೊ ಬಿಟ್ಟುಬಿಡಲೇ?

ಉತ್ತರ: ನಮಸ್ಕಾರ ಸರ್. ಬಿಡಬೇಡಿ. ಆದರೆ ಪೂರ್ತಿ ಸಿನಿಮಾ ತೋರಿಸುವುದನ್ನು ಮಾತ್ರ ಇಂದೇ ಬಿಟ್ಟುಬಿಡಿ. ಒಂದೇ ದೃಶ್ಯವನ್ನು ತೆಗೆದುಕೊಳ್ಳಿ. ಮೊದಲು ಮಕ್ಕಳಿಂದಲೇ ಆಡಿಸಿ. ಆಮೇಲೆ ಅದೇ ದೃಶ್ಯವನ್ನು ಮೂರು ಬೇರೆ ಬೇರೆ ಪ್ರದರ್ಶನಗಳಲ್ಲಿ ತೋರಿಸಿ. ನಾನು ಎಷ್ಟೋ ವರ್ಷ ನೀವು ಮಾಡಿದ ಹಾಗೆಯೇ ಮಾಡುತ್ತಿದ್ದೆ. ಮಕ್ಕಳು ಸುಮ್ಮನೆ ಕೂತಿರುತ್ತಿದ್ದರು, ನನಗೆ ಬೇಜಾರಾಗುತ್ತಿತ್ತು. ತಪ್ಪು ಮಕ್ಕಳದ್ದೂ ಅಲ್ಲ, ಸಿನಿಮಾದ್ದೂ ಅಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಒಂದು ಪ್ರದರ್ಶನ ಅಂದರೆ ನಿರ್ದೇಶಕರು, ನಟರು ನಾಟಕಕ್ಕೆ ಕೊಟ್ಟ ಉತ್ತರ. ಪ್ರಶ್ನೆ ಏನೆಂದೇ ಗೊತ್ತಿಲ್ಲದವರ ಮುಂದೆ ಉತ್ತರ ಇಟ್ಟರೆ ಅವರು ಏನು ಮಾಡಬೇಕು ಹೇಳಿ?

ಇಲ್ಲಿ ಓದುವ ಉಳಿದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಡಗು ಮುಳುಗಿ ವಯೋಲಾ ಇಲಿರಿಯಾ ಎಂಬ ದೇಶದ ದಡ ಸೇರುತ್ತಾಳೆ. ಅವಳಿ ಅಣ್ಣ ಸೆಬಾಸ್ಟಿಯನ್ ಸತ್ತ ಎಂದೇ ತಿಳಿಯುತ್ತಾಳೆ. ಗಂಡುವೇಷ ಹಾಕಿ ಸಿಸಾರಿಯೊ ಎಂಬ ಹೆಸರಿನಲ್ಲಿ ಡ್ಯೂಕ್ ಆರ್ಸಿನೊ ಬಳಿ ಕೆಲಸಕ್ಕೆ ಸೇರುತ್ತಾಳೆ. ಅವನು ತನ್ನ ಪ್ರೀತಿ ತಿಳಿಸಿ ಬಾ ಎಂದು ಇವಳನ್ನೇ ಒಲಿವಿಯಾ ಬಳಿಗೆ ಕಳಿಸುತ್ತಾನೆ. ಒಲಿವಿಯಾಗೆ ಈ ‘ಹುಡುಗ’ನ ಮೇಲೇ ಮನಸ್ಸಾಗುತ್ತದೆ. ಒಲಿವಿಯಾ ಮನೆಯ ಪಾರುಪತ್ತೇಗಾರ ಮಾಲ್ವೋಲಿಯೊ. ಬಿಗುಮಾನದ ಮನುಷ್ಯ. ಅವನ ಸೊಕ್ಕು ಇಳಿಸಲು ಮನೆಯ ಪರಿಚಾರಿಕೆ ಮರಾಯಾ ಒಡತಿಯ ಕೈಬರಹದಂತೆಯೇ ಖೋಟಾ ಪ್ರೇಮಪತ್ರ ಬರೆದು ದಾರಿಯಲ್ಲಿ ಬಿಸಾಡುತ್ತಾಳೆ.

ನೀವು ಹೇಳಿದ ಪತ್ರದ ದೃಶ್ಯ ಇದೇ, ಎರಡನೇ ಅಂಕದ ಐದನೇ ದೃಶ್ಯ. ವಿಡಿಯೊ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಈ ನಾಟಕದಲ್ಲಿ ಇನ್ನೊಂದಿಲ್ಲ. ನನ್ನ ಮಾತು ಬಿಡಿ, 1602ರಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ಆ ವರ್ಷ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್ ಸಭಾಂಗಣದಲ್ಲಿ ಈ ನಾಟಕ ಆಡಿದರು. ಜಾನ್ ಮ್ಯಾನಿಂಗ್‌ಹ್ಯಾಮ್ ಎಂಬ ಕಾನೂನು ವಿದ್ಯಾರ್ಥಿ ಅದನ್ನು ನೋಡಿ ಡೈರಿಯಲ್ಲಿ ಬರೆದಿಟ್ಟ. ವಯೋಲಾಳ ಹೆಸರೇ ಅದರಲ್ಲಿಲ್ಲ. ಅವನ ಮನಸ್ಸಿನಲ್ಲಿ ಉಳಿದದ್ದು ಪಾರುಪತ್ತೇಗಾರನಿಗೆ ಖೋಟಾ ಪತ್ರ ಕೊಟ್ಟು ಮಂಗ ಮಾಡಿದ ಕಥೆ. ಇನ್ನೊಂದು ಮಜಾ ಇದೆ. ಒಲಿವಿಯಾ ವಿಧವೆ ಎಂದು ಅವನು ಬರೆದಿದ್ದಾನೆ! ಅವಳು ವಿಧವೆಯಲ್ಲ, ತೀರಿಕೊಂಡ ಅಣ್ಣನಿಗಾಗಿ ದುಃಖ ಆಚರಿಸುತ್ತಿರುವವಳು. ಬಹುಶಃ ಅವಳ ಶೋಕದ ಉಡುಪು ನೋಡಿ ಹಾಗೆ ತಿಳಿದಿರಬೇಕು. ನಿಮ್ಮ ಮಕ್ಕಳು ಮೀಸೆ ಅಂಟಿಸಿದ್ದಕ್ಕೂ ಇದಕ್ಕೂ ಜಾಸ್ತಿ ದೂರವಿಲ್ಲ, ಅಲ್ವಾ? ಕಣ್ಣಿಗೆ ಕಂಡದ್ದು ಓದಿದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ. ಈ ಮ್ಯಾನಿಂಗ್‌ಹ್ಯಾಮ್ ಕಥೆಯನ್ನು ತರಗತಿಯಲ್ಲಿ ಹೇಳಿ. ನಾನೂರು ವರ್ಷದ ಹಿಂದೆಯೂ ನಮ್ಮ ಥರದ ಒಬ್ಬ ವಿದ್ಯಾರ್ಥಿ ಇದ್ದನಲ್ಲಾ ಎಂದು ಮಕ್ಕಳಿಗೆ ಬಹಳ ಸಮಾಧಾನವಾಗುತ್ತದೆ.

ಈಗ ಕ್ರಮಕ್ಕೆ ಬರೋಣ. ಮೊದಲ ಪಿರಿಯಡ್‌ನಲ್ಲಿ ಪ್ರೊಜೆಕ್ಟರ್ ಮುಟ್ಟಬೇಡಿ. ಪತ್ರ ಸಿಗುವುದಕ್ಕೂ ಮುಂಚೆ ಮಾಲ್ವೋಲಿಯೊ ಹಗಲುಗನಸು ಕಾಣುವ ಇಪ್ಪತ್ತು ಸಾಲು ಇದೆಯಲ್ಲ, ಅಷ್ಟನ್ನು ಮಾತ್ರ ತೆಗೆದುಕೊಳ್ಳಿ. ಒಲಿವಿಯಾಳನ್ನು ಮದುವೆಯಾಗಿ ಮೂರು ತಿಂಗಳಾಗಿದೆ, ಮಖಮಲ್ಲಿನ ನಿಲುವಂಗಿ ತೊಟ್ಟು ಗತ್ತಿನಲ್ಲಿ ಕೂತಿದ್ದೇನೆ, ಒಡತಿಯ ಬಂಧು ಟೋಬಿಯನ್ನು ಕರೆಸುತ್ತೇನೆ, ಅವನು ಬರುವ ತನಕ ಗಡಿಯಾರಕ್ಕೆ ಕೀ ಕೊಡುತ್ತಾ ಇರುತ್ತೇನೆ ಎಂದೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆಗ ಒಂದು ಮಾತು ಬರುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ‘ಗಡಿಯಾರಕ್ಕೆ ಕೀ ಕೊಡ್ತಾ, ಇಲ್ಲಾ ನನ್ನ... ಯಾವುದೋ ಬೆಲೆಬಾಳೋ ಒಡವೆ ಆಡಿಸ್ತಾ.’

ಆ ‘ನನ್ನ’ ಆದಮೇಲೆ ಏನಾಯಿತು? ಮಾತು ಯಾಕೆ ತುಂಡಾಯಿತು? ಇದನ್ನೇ ಮಕ್ಕಳನ್ನು ಕೇಳಿ. ಉತ್ತರ ನೀವು ಹೇಳಬೇಡಿ.

ಪಾರುಪತ್ತೇಗಾರನ ಕೊರಳಲ್ಲಿ ಅವನ ಹುದ್ದೆಯ ಗುರುತಾಗಿ ಒಂದು ಸರ ಇರುತ್ತಿತ್ತು. ಅಭ್ಯಾಸಬಲದಿಂದ ಅವನ ಕೈ ಅದರ ಮೇಲೆ ಹೋಗುತ್ತದೆ. ‘ನನ್ನ ಸರ’ ಅನ್ನಬೇಕು, ಅಷ್ಟರಲ್ಲಿ ನೆನಪಾಗುತ್ತದೆ: ಕನಸಿನಲ್ಲಿ ತಾನು ಯಜಮಾನ, ಯಜಮಾನನ ಕೊರಳಲ್ಲಿ ಆಳಿನ ಸರ ಇರುವುದಿಲ್ಲ. ತಕ್ಷಣ ಮಾತು ತಿರುಗಿಸಿ ‘ಯಾವುದೋ ಒಡವೆ’ ಅನ್ನುತ್ತಾನೆ. ನಿಮ್ಮ ಪಠ್ಯದಲ್ಲಿ ಅಲ್ಲಿ ಒಂದು ಅಡ್ಡಗೆರೆ ಇರಬಹುದು. ಅದು ಆಮೇಲಿನ ಸಂಪಾದಕರು ಹಾಕಿದ್ದು. 1623ರ ಮೊದಲ ಮುದ್ರಣದಲ್ಲಿ ಆ ಗೆರೆಯೂ ಇಲ್ಲ, ಎರಡು ಮಾತು ಸೇರಿಕೊಂಡೇ ಇವೆ. ಅಂದರೆ ನಗು ಇರುವುದು ಕಾಗದದ ಮೇಲಲ್ಲ, ನಟನ ಕೈಯಲ್ಲಿ.

ನನ್ನ ತರಗತಿಯಲ್ಲಿ ಒಮ್ಮೆ ಹಿರಿಯೂರು ಕಡೆಯ ಹುಡುಗನೊಬ್ಬ ಇದನ್ನು ಆಡಲು ಎದ್ದ. ಇಂಗ್ಲಿಷ್ ಅಂದರೆ ಹೆದರುವ ಹುಡುಗ. ‘ನನ್ನ’ ಅನ್ನುವಾಗ ಅವನ ಕೈ ಸೀದಾ ಕೊರಳಿನ ಐಡಿ ಕಾರ್ಡ್ ಟ್ಯಾಗ್‌ಗೆ ಹೋಯಿತು. ಬೇಕೆಂದು ಮಾಡಿದ್ದಲ್ಲ, ದಿನವಿಡೀ ಅದನ್ನು ತಿರುವುತ್ತಾ ಇರುವುದು ಅವನ ಅಭ್ಯಾಸ. ಕೈ ನಿಂತಿತು. ಟ್ಯಾಗ್ ನೋಡಿಕೊಂಡ. ಮೆಲ್ಲಗೆ ಅಂಗಿಯೊಳಗೆ ತೂರಿಸಿದ. ಆಮೇಲೆ ಎದೆ ಸೆಟೆಸಿ ‘ಯಾವುದೋ ಒಡವೆ’ ಅಂದ. ಇಡೀ ತರಗತಿ ಬೆಂಚು ಬಡಿದು ನಕ್ಕಿತು. ಆ ಸಾಲನ್ನು ನಾನು ಅಷ್ಟು ಚೆನ್ನಾಗಿ ಯಾವ ವ್ಯಾಖ್ಯಾನದಲ್ಲೂ ಕಂಡಿರಲಿಲ್ಲ.

ಇದಾದ ಮೇಲೆ ವಿಡಿಯೊ ಹಾಕಿ. ಈಗ ನೋಡುವ ಕಣ್ಣೇ ಬೇರೆ ಆಗಿರುತ್ತದೆ. ‘ಮೇಡಂ, ಇವನು ಸರ ಮುಟ್ತಾನಾ?’ ಎಂದು ಕಾಯುತ್ತಾ ನೋಡುತ್ತಾರೆ.

ಯಾವ ಮೂರು ಪ್ರದರ್ಶನ ಎಂದು ನೀವು ಕೇಳುತ್ತೀರಿ. ನೀವು ತೋರಿಸಿದ ಟ್ರೆವರ್ ನನ್ ನಿರ್ದೇಶನದ ಸಿನಿಮಾ ಒಂದು ಇರಲಿ. ಅದರಲ್ಲಿ ಮಾಲ್ವೋಲಿಯೊ ಆಗಿ ನೈಜೆಲ್ ಹಾಥಾರ್ನ್ ಇದ್ದಾರೆ. ಎರಡನೆಯದು ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 2012ರಲ್ಲಿ ಟಿಮ್ ಕ್ಯಾರಲ್ ನಿರ್ದೇಶಿಸಿದ್ದು. ಅಲ್ಲಿ ಎಲ್ಲ ಪಾತ್ರಗಳನ್ನೂ ಗಂಡಸರೇ ಮಾಡಿದ್ದಾರೆ. ಸ್ಟೀಫನ್ ಫ್ರೈ ಮಾಲ್ವೋಲಿಯೊ, ಮಾರ್ಕ್ ರೈಲನ್ಸ್ ಒಲಿವಿಯಾ. ಮೂರನೆಯದು 2017ರ ನ್ಯಾಷನಲ್ ಥಿಯೇಟರ್ ಪ್ರದರ್ಶನ, ನಿರ್ದೇಶನ ಸೈಮನ್ ಗಾಡ್ವಿನ್. ಅದರಲ್ಲಿ ಪಾರುಪತ್ತೇಗಾರನೇ ಹೆಂಗಸು. ಹೆಸರು ಮಾಲ್ವೋಲಿಯಾ, ಮಾಡಿದವರು ಟ್ಯಾಮ್ಸಿನ್ ಗ್ರೇಗ್.

ಮೊದಲ ಸಲ ಮೂರು ನಿಮಿಷ ಧ್ವನಿ ಪೂರ್ತಿ ತೆಗೆದು ತೋರಿಸಿ. ‘ಇವನು ಎಂಥ ಮನುಷ್ಯ? ಹೇಗೆ ಗೊತ್ತಾಯಿತು?’ ಇವೆರಡೇ ಪ್ರಶ್ನೆ. ಭಾಷೆಯ ಭಯ ಇಲ್ಲದಿದ್ದಾಗ ಮಕ್ಕಳು ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಬೆನ್ನು, ಕತ್ತು, ಕೈ ಎಲ್ಲಿಟ್ಟುಕೊಂಡಿದ್ದಾನೆ, ಎಲ್ಲವನ್ನೂ ಹೇಳುತ್ತಾರೆ. ಎರಡನೇ ಸಲ ಧ್ವನಿ ಹಾಕಿ, ಸಬ್‌ಟೈಟಲ್ ಬೇಡ. ಮೂರನೇ ಸಲ ಸಬ್‌ಟೈಟಲ್ ಇರಲಿ. ಶುರುವಿನಲ್ಲೇ ಹಾಕಿದರೆ ಏನಾಗುತ್ತದೆ ಗೊತ್ತಾ? ನಟ ಬಾಯಿ ತೆರೆಯುವ ಮುಂಚೆಯೇ ಮಕ್ಕಳು ಪೂರ್ತಿ ಸಾಲು ಓದಿ ಮುಗಿಸಿರುತ್ತಾರೆ. ‘ನನ್ನ’ ಅಂದು ಅವನು ತಡೆದು ನಿಲ್ಲುವಾಗ ಮುಂದಿನ ಮಾತು ಪರದೆಯ ಕೆಳಗೆ ಆಗಲೇ ಬಂದಿರುತ್ತದೆ. ನಗುವಿಗೆ ಜಾಗವೇ ಉಳಿಯುವುದಿಲ್ಲ.

ನಿಮ್ಮ ತರಗತಿ ಯಾಕೆ ನಗಲಿಲ್ಲ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ರಂಗದ ಮೇಲೆ ನಟ ನಗುವಿಗಾಗಿ ಕಾಯುತ್ತಾನೆ. ಜನ ನಗಲು ಶುರುಮಾಡುತ್ತಾರೆ, ನಗು ಏರುತ್ತದೆ, ಇಳಿಯತೊಡಗುತ್ತದೆ. ಪೂರ್ತಿ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಅವನು ಮುಂದಿನ ಮಾತು ಎತ್ತಿಕೊಳ್ಳುತ್ತಾನೆ. ಸಿನಿಮಾದಲ್ಲಿ ಕಾಯುವವರು ಯಾರೂ ಇಲ್ಲ. ನಕ್ಕರೆ ಮುಂದಿನ ಮಾತು ಕೇಳಿಸುವುದಿಲ್ಲ ಎಂದು, ಮೊದಲೇ ಭಾಷೆಯ ಹೆದರಿಕೆ ಇರುವ ಮಕ್ಕಳು ನಗುವನ್ನೇ ನುಂಗಿಕೊಳ್ಳುತ್ತಾರೆ. ಗ್ಲೋಬ್‌ನ ವಿಡಿಯೊದಲ್ಲಿ ನೆರೆದ ಜನರ ನಗು ಜೊತೆಗೇ ಕೇಳಿಸುತ್ತದೆ. ಅಲ್ಲಿ ನಟರಿಗೂ ಪ್ರೇಕ್ಷಕರಿಗೂ ಒಂದೇ ಬೆಳಕು. ಜನ ಅಂಗಳದಲ್ಲಿ ನಿಂತು ನೋಡುತ್ತಾರೆ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಆದ್ದರಿಂದ ನೀವೂ ತರಗತಿಯ ಲೈಟ್ ಪೂರ್ತಿ ಆರಿಸಬೇಡಿ. ಪಕ್ಕದವನು ನಗುವುದು ಕಂಡರೆ ನಮಗೂ ನಗು ಬರುತ್ತದೆ. ಪ್ರೊಜೆಕ್ಟರ್‌ನ ಒಳಗಿನ ಸ್ಪೀಕರ್ ನಂಬಬೇಡಿ, ಎಲ್ಲಿಂದಲಾದರೂ ಒಂದು ಒಳ್ಳೆಯ ಸ್ಪೀಕರ್ ತನ್ನಿ. ಹಿಂದಿನ ಬೆಂಚಿಗೆ ಮಾತು ಕೇಳಿಸದಿದ್ದರೆ ಮೊಬೈಲ್ ಬಂದೇ ಬರುತ್ತದೆ.

ಗ್ಲೋಬ್ ಪ್ರದರ್ಶನ ಹಾಕಿದಾಗ ಗಂಡಸು ಒಲಿವಿಯಾ ಆಗಿರುವುದು ನೋಡಿ ಎರಡು ನಿಮಿಷ ಗಲಾಟೆ ಆಗುತ್ತದೆ. ಆಗಲಿ ಬಿಡಿ. ಕರಾವಳಿಯ ಮಕ್ಕಳಿದ್ದರೆ ಅವರು ಮಾತ್ರ ಸುಮ್ಮನಿರುತ್ತಾರೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ‘ಬಡಗುತಿಟ್ಟಿನಲ್ಲಿ ಇದಕ್ಕಿಂತ ಚೆಂದ ಮಾಡ್ತಾರೆ ಮೇಡಂ’ ಎಂದು ಕುಂದಾಪುರದ ಹುಡುಗಿಯೊಬ್ಬಳು ಪಕ್ಕದವರಿಗೆ ಪಾಠ ಹೇಳಿದ್ದನ್ನು ನಾನು ಕೇಳಿದ್ದೇನೆ. ರೈಲನ್ಸ್ ಅವರ ನಡಿಗೆಯನ್ನು ತಪ್ಪದೆ ತೋರಿಸಿ. ನೆಲ ಮುಟ್ಟುವ ಕಪ್ಪು ಉಡುಪಿನ ಒಳಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾರೆ, ನೋಡಿದರೆ ಚಕ್ರದ ಮೇಲೆ ಜಾರಿಕೊಂಡು ಹೋದ ಹಾಗೆ ಕಾಣುತ್ತದೆ. ಅಷ್ಟು ಬಿಗಿಯಾಗಿದ್ದ ಹೆಂಗಸು ಸಿಸಾರಿಯೊನನ್ನು ಕಂಡ ಮೇಲೆ ಹೇಗೆ ಕಂಗೆಡುತ್ತಾಳೆ ಎಂದು ನೋಡುವಾಗ ಗಲಾಟೆ ತಾನೇ ನಿಲ್ಲುತ್ತದೆ. ಶೇಕ್ಸ್‌ಪಿಯರನ ಕಾಲದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವರು ಹುಡುಗರು ಎಂದು ಆಗ ಹೇಳಿ. ವಯೋಲಾ ಅಂದರೆ ಹುಡುಗಿಯಾದ ಹುಡುಗ, ಮತ್ತೆ ಹುಡುಗನ ವೇಷ ಹಾಕಿದವನು. ಇದನ್ನು ಬೋರ್ಡಿನ ಮೇಲೆ ಬರೆದು ಅರ್ಥ ಮಾಡಿಸುವುದು ಕಷ್ಟ. ಕಣ್ಣಿಂದ ನೋಡಿದರೆ ಒಂದು ಗಳಿಗೆ ಸಾಕು.

ಸಿನಿಮಾ ಮತ್ತು ರಂಗದ ವ್ಯತ್ಯಾಸಕ್ಕೂ ಈ ಪತ್ರದ ದೃಶ್ಯವೇ ಸಾಕು. ಟೋಬಿ, ಅವನ ಗೆಳೆಯ ಆಂಡ್ರೂ, ಮನೆಯ ಆಳು ಫೇಬಿಯನ್ ಮೂವರೂ ಗಿಡದ ಮರೆಯಲ್ಲಿ ಅವಿತು ನೋಡುತ್ತಿರುತ್ತಾರೆ. ರಂಗದ ಮೇಲೆ ಓದುವವನೂ ಅವಿತವರೂ ಒಟ್ಟಿಗೇ ಕಾಣುತ್ತಾರೆ. ಯಾರನ್ನು ನೋಡಬೇಕು ಎನ್ನುವುದು ನಮ್ಮಿಷ್ಟ. ಸಿನಿಮಾದಲ್ಲಿ ಕ್ಯಾಮೆರಾ ಯಾರನ್ನು ತೋರಿಸಿತೋ ಅವರನ್ನೇ ನೋಡಬೇಕು. ಹಾಥಾರ್ನ್ ಮುಖ ಪರದೆ ತುಂಬಿದಾಗ ವಿಡಿಯೊ ನಿಲ್ಲಿಸಿ ಕೇಳಿ: ‘ಈಗ ಟೋಬಿ ಏನು ಮಾಡ್ತಿರಬಹುದು?’ ಮಕ್ಕಳು ಪುಸ್ತಕ ತೆರೆಯುತ್ತಾರೆ. ನಾಟಕ ಓದಿ ಎಂದು ಹತ್ತು ಸಲ ಹೇಳಿದರೂ ತೆರೆಯದ ಪುಸ್ತಕ ಆಗ ತೆರೆಯುತ್ತದೆ.

ಪತ್ರದಲ್ಲಿ ‘ರಿವಾಲ್ವ್’ ಎಂಬ ಮಾತೊಂದು ಬರುತ್ತದೆ. ಅಂದಿನ ಅರ್ಥದಲ್ಲಿ ‘ಯೋಚಿಸು’ ಎಂದು. ಎಷ್ಟೋ ನಟರು ಅದನ್ನು ಓದಿ ನಿಂತಲ್ಲೇ ಒಂದು ಸುತ್ತು ತಿರುಗುತ್ತಾರೆ. ಅರ್ಥ ಬದಲಾದ ಪದವೊಂದು ಇವತ್ತಿಗೂ ನಗಿಸುವುದು ಹೀಗೆ. ಮಕ್ಕಳಿಗೆ ಇದು ಒಮ್ಮೆ ಸಿಕ್ಕರೆ ಅಡಿಟಿಪ್ಪಣಿಗಳ ಮೇಲಿನ ಸಿಟ್ಟೂ ಕಡಿಮೆಯಾಗುತ್ತದೆ.

ಮಾಲ್ವೋಲಿಯಾ ಬಗ್ಗೆ ಒಂದು ಮಾತು. ಇಲ್ಲಿ ಹೆಂಗಸೊಬ್ಬಳು ತನ್ನ ಒಡತಿಯನ್ನು ಪ್ರೀತಿಸುತ್ತಾಳೆ. ಅದನ್ನೇ ಹಿಡಿದು ಮನೆಯವರು ಅವಳಿಗೆ ಬಲೆ ಹಾಕುತ್ತಾರೆ. ಮೊದಲ ಎರಡು ಪ್ರದರ್ಶನಗಳಿಗೆ ನಕ್ಕ ತರಗತಿ ಇಲ್ಲಿ ನಗುತ್ತಲೇ ಒಂದು ಥರ ತಡವರಿಸುತ್ತದೆ. ಕೆಲವು ಸಹೋದ್ಯೋಗಿಗಳು ‘ಇದೆಲ್ಲ ನಮ್ಮ ಮಕ್ಕಳಿಗೆ ಯಾಕೆ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಇಪ್ಪತ್ತು ವರ್ಷದವರು, ಓಟು ಹಾಕುವವರು. ‘ಯಾಕೆ ತಡವರಿಸಿದಿರಿ?’ ಎಂದು ಕೇಳಿದರೆ ಅವರು ಕೊಡುವ ಉತ್ತರದಲ್ಲಿ ಈ ನಾಟಕದ ತಿರುಳೇ ಇರುತ್ತದೆ. ಪ್ರೀತಿಸುವುದು ತಪ್ಪಲ್ಲ ಅಂತಾದರೆ ಅವನು, ಅವಳು ಮಾಡಿದ ತಪ್ಪೇನು? ತನ್ನ ಅಂತಸ್ತು ಮೀರಿ ಕನಸು ಕಂಡದ್ದೇ? ನಮ್ಮ ಊರುಗಳಲ್ಲಿ ಇದು ಯಾರಿಗೂ ಹೊಸ ಪ್ರಶ್ನೆಯಲ್ಲ.

ಇನ್ನು ನಿಮ್ಮ ಇಂಟರ್ನಲ್ಸ್ ಉತ್ತರಗಳು. ಮೀಸೆ ಅಂಟಿಸಿದವರ ಅಂಕ ಕಳೆಯುವ ಮುಂಚೆ ಆ ತಪ್ಪನ್ನೇ ಪಾಠ ಮಾಡಿ. ನಾಟಕದಲ್ಲಿ ವಯೋಲಾ ಹಡಗಿನ ಕಪ್ತಾನನ ಹತ್ತಿರ ‘ನಾನು ಯಾರೆಂಬುದನ್ನು ಮುಚ್ಚಿಡು’ ಅನ್ನುತ್ತಾಳೆ, ಹೋಗುತ್ತಾಳೆ. ಮತ್ತೆ ನಾವು ನೋಡುವಾಗ ಆಗಲೇ ಸಿಸಾರಿಯೊ. ವೇಷ ಹಾಕಿಕೊಳ್ಳುವುದನ್ನು ಶೇಕ್ಸ್‌ಪಿಯರ್ ತೋರಿಸುವುದೇ ಇಲ್ಲ. ಟ್ರೆವರ್ ನನ್ ಅವರು ಸಿನಿಮಾದಲ್ಲಿ ಅದನ್ನು ಬಿಡಿಸಿ ತೋರಿಸಿದ್ದಾರೆ. ಹಡಗಿನ ಮೇಲಿನ ಹಾಡು, ಬಿರುಗಾಳಿ, ಅವಳಿಗಳು ನೀರಿಗೆ ಬೀಳುವುದು ಎಲ್ಲ ಅವರು ಸೇರಿಸಿದ್ದು. ಎರಡು ಪಟ್ಟಿ ಮಾಡಿಸಿ: ಪುಸ್ತಕದಲ್ಲಿ ಇರುವುದು, ಸಿನಿಮಾ ಸೇರಿಸಿದ್ದು. ಆಮೇಲೆ ‘ಇದು ಯಾಕೆ ಬೇಕಾಯಿತು?’ ಎಂದು ಅರ್ಧ ಪುಟ ಬರೆಸಿ. ಗೈಡ್ ನೋಡಿ ಬರೆಯಲು ಆಗದ ಉತ್ತರ ಇದು.

ವಿಡಿಯೊ ಎಲ್ಲಿ ಸಿಗುತ್ತದೆ ಎಂಬುದು ದೊಡ್ಡ ತಲೆನೋವು ಅಂತ ನನಗೆ ಗೊತ್ತು. ನ್ಯಾಷನಲ್ ಥಿಯೇಟರ್‌ನವರು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ತಮ್ಮ ಪ್ರದರ್ಶನವನ್ನು ಒಂದು ವಾರ ಯೂಟ್ಯೂಬ್‌ನಲ್ಲಿ ಉಚಿತವಾಗಿ ಬಿಟ್ಟಿದ್ದರು. ಅದು ಮುಗಿದ ಕಥೆ. ಈಗ ಅವರದೂ ಗ್ಲೋಬ್‌ನವರದೂ ದುಡ್ಡು ಕೊಟ್ಟು ನೋಡುವ ತಾಣಗಳಿವೆ. ಕಾಲೇಜಿನ ಗ್ರಂಥಾಲಯದ ಮೂಲಕ ಕೇಳಿ, ಇಲಾಖೆಯವರೆಲ್ಲ ಸೇರಿ ಒಂದು ಡಿವಿಡಿ ಕೊಂಡರೂ ಆಯಿತು. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಮಾತ್ರ ತೋರಿಸುವುದಕ್ಕೆ ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಟಿಕೆಟ್ ಇಟ್ಟು ಊರಿನವರಿಗೆ ತೋರಿಸುವುದು, ಕದ್ದ ಕಾಪಿಯನ್ನು ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಮೂರೂ ಸಿಗದಿದ್ದರೆ ಎರಡು ಸಾಕು. ಒಂದೇ ಸಿಕ್ಕರೆ ಎರಡನೆಯದು ನಿಮ್ಮ ಮಕ್ಕಳೇ ಆಡಿ ಮೊಬೈಲ್‌ನಲ್ಲಿ ತೆಗೆದದ್ದಾಗಲಿ. ಮೊಬೈಲ್ ಕೈಗೆ ಬಂತು ಎಂದು ಬರೆದಿದ್ದೀರಲ್ಲ, ಆ ಮೊಬೈಲನ್ನೇ ಕೆಲಸಕ್ಕೆ ಹಚ್ಚಿ.

ಕೊನೆಯದಾಗಿ ನಾಲ್ಕನೇ ಅಂಕದ ಎರಡನೇ ದೃಶ್ಯ. ಪತ್ರ ನಂಬಿ ಹಳದಿ ಕಾಲುಚೀಲ ತೊಟ್ಟು, ಕಾಲಿಗೆ ಅಡ್ಡಡ್ಡ ಪಟ್ಟಿ ಬಿಗಿದುಕೊಂಡು, ಸುಮ್ಮಸುಮ್ಮನೆ ನಗುತ್ತಾ ಬಂದ ಮಾಲ್ವೋಲಿಯೊಗೆ ಹುಚ್ಚು ಹಿಡಿದಿದೆ ಎಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಾರೆ. ವಿದೂಷಕ ಫೆಸ್ಟೆ ಪಾದ್ರಿಯ ಧ್ವನಿಯಲ್ಲಿ ಅವನನ್ನು ಸತಾಯಿಸುತ್ತಾನೆ. ಈ ದೃಶ್ಯಕ್ಕೆ ವಿಡಿಯೊ ಮೊದಲು ಬೇಡವೇ ಬೇಡ. ಹಳೆಯ ಮುದ್ರಣದಲ್ಲಿ ‘ಮಾಲ್ವೋಲಿಯೊ ಒಳಗಿನಿಂದ’ ಎಂದಷ್ಟೇ ಇದೆ. ಅವನು ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ. ಒಬ್ಬ ಹುಡುಗನನ್ನು ತರಗತಿಯ ಹೊರಗೆ ನಿಲ್ಲಿಸಿ ಬಾಗಿಲು ಹಾಕಿ. ಅವನು ಹೊರಗಿನಿಂದ ಓದಲಿ, ಫೆಸ್ಟೆ ಒಳಗಿರಲಿ. ನಾನು ಇದನ್ನು ಮೊದಲ ಸಲ ಮಾಡಿದಾಗ ಹೊರಗೆ ನಿಂತವನು ಅದೇ ಹಿರಿಯೂರಿನ ಹುಡುಗ. ‘ನನಗೆ ಹುಚ್ಚಿಲ್ಲ, ಈ ಮನೆ ಕತ್ತಲಾಗಿದೆ’ ಎಂದು ಅವನು ಬಾಗಿಲು ಬಡಿದಾಗ ಮೊದಮೊದಲು ನಗು ಇತ್ತು. ಮೂರನೇ ಸಲಕ್ಕೆ ನಗು ನಿಂತಿತು. ‘ಮೇಡಂ, ಸಾಕು, ಬಾಗಿಲು ತೆಗೀರಿ’ ಎಂದು ಮುಂದಿನ ಬೆಂಚಿನ ಹುಡುಗಿ ಎದ್ದೇಬಿಟ್ಟಳು.

ಅದೇ ದಿನ ಕೊನೆಯ ದೃಶ್ಯ ತೋರಿಸಿ. ‘ನಿಮ್ಮೆಲ್ಲರ ಮೇಲೂ ಸೇಡು ತೀರಿಸಿಕೊಳ್ತೀನಿ’ ಎಂದು ಮಾಲ್ವೋಲಿಯೊ ಹೊರಟುಹೋಗುವ ಅರ್ಧ ನಿಮಿಷ, ಮೂರೂ ಪ್ರದರ್ಶನದಲ್ಲಿ, ಒಂದಾದ ಮೇಲೊಂದು. ಅವನು ಹೊರಡುವಾಗ ಉಳಿದವರ ಮುಖ ನೋಡಲು ಹೇಳಿ. ಯಾರು ನಗುತ್ತಿದ್ದಾರೆ, ಯಾರು ನಿಲ್ಲಿಸಿದ್ದಾರೆ ಎಂದು ಬರೆದುಕೊಳ್ಳಲಿ. ಮುಂದಿನ ಇಂಟರ್ನಲ್ಸ್‌ಗೆ ಪ್ರಶ್ನೆ ಅಲ್ಲೇ ಸಿಗುತ್ತದೆ ಸರ್. ಮಕ್ಕಳು ಏನು ಬರೆದರು ಎಂದು ನನಗೂ ತಿಳಿಸಿ.